ನಿಲ್ದಾಣದ ಬಾಗಿಲವರೆಗಿನ ಇಟಲಿ

ಎಲ್ವಿಯೋ ಜೆರ್ಬಿನಾತಿ ಮೂವತ್ತೈದು ವರ್ಷ ರೈಲಿನಲ್ಲಿ ಗಾರ್ಡ್ ಆಗಿದ್ದ. ವೆನಿಸ್‌ನಿಂದ ರೋಮ್, ರೋಮ್‌ನಿಂದ ನೇಪಲ್ಸ್, ಮತ್ತೆ ವಾಪಸು. ಟಿಕೆಟ್ ನೋಡುವುದು, ಬಾಗಿಲು ಸರಿಯಾಗಿ ಮುಚ್ಚಿವೆಯೇ ಎಂದು ಪರೀಕ್ಷಿಸುವುದು, ಸೀಟಿ ಊದುವುದು ಅವನ ಕೆಲಸ. ಫ್ಲಾರೆನ್ಸಿಗೆ ಅವನು ಕಡಿಮೆಯೆಂದರೂ ಎರಡು ಸಾವಿರ ಸಲ ಹೋಗಿದ್ದ. ಆದರೆ ಫ್ಲಾರೆನ್ಸನ್ನು ನೋಡಿರಲಿಲ್ಲ. ರೋಮನ್ನೂ ನೋಡಿರಲಿಲ್ಲ, ನೇಪಲ್ಸನ್ನೂ ನೋಡಿರಲಿಲ್ಲ. ಆ ಊರುಗಳಲ್ಲಿ ನಿಲ್ದಾಣದ ಬಾಗಿಲಿನಿಂದಾಚೆ ಅವನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

ಇದರಲ್ಲಿ ವಿಚಿತ್ರವೇನೂ ಇಲ್ಲ. ರೈಲಿನವರಿಗೆ ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ಸಿಗುವುದು ಐವತ್ತೋ ಅರವತ್ತೋ ನಿಮಿಷ. ಅದರಲ್ಲಿ ಕ್ಯಾಂಟೀನಿನ ಊಟ, ಒಂದು ಕಾಫಿ, ಬೂಟು ಬಿಚ್ಚಿ ಕಾಲು ಚಾಚಿ ಕೂರಲು ಹತ್ತು ನಿಮಿಷ. ತಂಗಬೇಕಾಗಿ ಬಂದರೆ ಹಳಿಯ ಪಕ್ಕದಲ್ಲೇ ರೈಲ್ವೆಯ ವಸತಿ. ಅಲ್ಲಿ ಮಲಗುವುದು ಬಿಟ್ಟು ಬೇರೆ ಏನು ಮಾಡಲೂ ಯಾರಿಗೂ ತ್ರಾಣವಿರುವುದಿಲ್ಲ. ಅವನ ಊರು ರೊವೀಗೊದ ಹಳೆಯ ರೈಲ್ವೆಯವರನ್ನು ಕೇಳಿದರೆ ಹೆಚ್ಚುಕಡಿಮೆ ಎಲ್ಲರೂ ಇದನ್ನೇ ಹೇಳುತ್ತಾರೆ. ಎಲ್ವಿಯೋನ ಕಷ್ಟ ಬೇರೆ. ಅವನು ಆ ಊರುಗಳನ್ನೆಲ್ಲ ನೋಡಿದ್ದೇನೆಂದು ಹೆಂಡತಿಗೆ ಇಷ್ಟು ವರ್ಷವೂ ಹೇಳಿಕೊಂಡು ಬಂದಿದ್ದ.

ಅದು ಶುರುವಾದದ್ದು 1984ರ ನವೆಂಬರಿನಲ್ಲಿ. ಮದುವೆಯಾಗಿ ಒಂದು ವರ್ಷವಾಗಿತ್ತು. ಹೆಂಡತಿ ಜಿಲಿಯೋಲಾ ಶಾಲೆಯ ಅಡುಗೆಮನೆಯಲ್ಲಿ ಸಹಾಯಕಿ. ಅವಳ ತಾಯಿ ಹಾಸಿಗೆ ಹಿಡಿದಿದ್ದರಿಂದ ಅವಳು ಪಕ್ಕದ ಪಾದೋವಾ ದಾಟಿ ಎಲ್ಲಿಗೂ ಹೋದವಳಲ್ಲ. ಒಂದು ಮಧ್ಯಾಹ್ನ ಎಲ್ವಿಯೋ ಕೆಲಸ ಮುಗಿಸಿ ಬಂದಾಗ ಅವನ ಮುಂದೆ ಸೂಪಿನ ಬಟ್ಟಲಿಟ್ಟು, ತಾನು ಎದುರಿನ ಕುರ್ಚಿಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತು, ಫ್ಲಾರೆನ್ಸ್ ಹೇಗಿತ್ತು ಎಂದು ಕೇಳಿದಳು. ಕ್ಯಾಂಟೀನಿನಲ್ಲಿ ಅನ್ನ ಮುದ್ದೆಯಾಗಿತ್ತು ಎಂದು ಹೇಳಲು ಅವನು ಬಾಯಿ ತೆರೆದ. ಅವಳ ಮುಖ ನೋಡಿದ. ಬಾಯಿಂದ ಬಂದದ್ದು ಮಾತ್ರ ಎರಡನೇ ಬೋಗಿಯಲ್ಲಿದ್ದ ಪಾದೋವಾದ ಕನ್ನಡಕದ ವ್ಯಾಪಾರಿಯೊಬ್ಬ ಹೇಳಿದ ಮಾತು. ನಿಲ್ದಾಣದಿಂದ ಹೊರಗೆ ಬಂದು ಎಡಕ್ಕೆ ಹೊರಳಿ ಇಕ್ಕಟ್ಟು ಬೀದಿಯಲ್ಲಿ ನಡೆಯುತ್ತಿದ್ದರೆ ಆಕಾಶದ ಒಂದು ಪಟ್ಟಿ ಬಿಟ್ಟು ಏನೂ ಕಾಣುವುದಿಲ್ಲ. ಆಮೇಲೆ ಒಂದು ತಿರುವಿನಲ್ಲಿ ದೊಡ್ಡ ಚರ್ಚಿನ ಆ ಗುಮ್ಮಟ ಇದ್ದಕ್ಕಿದ್ದಂತೆ ಎದುರಿಗೆ ಬಂದು ನಿಲ್ಲುತ್ತದೆ, ಯಾರೋ ಕೆಲಸದ ಮಧ್ಯೆ ತಲೆಯೆತ್ತಿ ನಮ್ಮನ್ನು ನೋಡಿದ ಹಾಗೆ. ಸೂಪು ಆರಿಹೋಯಿತು. ಜಿಲಿಯೋಲಾ ಇನ್ನೂ ಹೇಳು ಅಂದಳು.

ಹಾಗೆ ಅದು ಅಭ್ಯಾಸವಾಯಿತು. ಎಲ್ವಿಯೋ ಟಿಕೆಟ್ ನೋಡುತ್ತಲೇ ಪ್ರಯಾಣಿಕರನ್ನು ಎಲ್ಲಿಂದ ಬಂದಿರಿ, ಏನು ನೋಡಿದಿರಿ, ಏನು ತಿಂದಿರಿ ಎಂದು ಕೇಳತೊಡಗಿದ. ಜನರಿಗೆ ಕೇಳುವವರು ಸಿಕ್ಕರೆ ಸಾಕು. ಊರು ನೋಡಿ ಬಂದವರಂತೂ ನಿಲ್ಲಿಸುವುದೇ ಇಲ್ಲ. ಅವನ ಸೇವಾ ದಾಖಲೆಯಲ್ಲಿ ‘ಪ್ರಯಾಣಿಕರೊಡನೆ ಸೌಜನ್ಯದ ವರ್ತನೆ’ ಎಂಬ ಷರಾ ಎರಡು ಸಲ ಇದೆ. ಹಾಗೆ ಕೇಳಿದ್ದನ್ನು ಅವನು ಮನೆಗೆ ತರುತ್ತಿದ್ದ, ಬೇರೆಯವರು ಮೀನು ತರುವ ಹಾಗೆ. ಜಿಲಿಯೋಲಾ ಅದನ್ನು ಮರುದಿನ ಶಾಲೆಯ ಅಡುಗೆಮನೆಗೆ ಒಯ್ಯುತ್ತಿದ್ದಳು. ಈರುಳ್ಳಿ ಹೆಚ್ಚುತ್ತ ರೋಮಿನ ಕಾರಂಜಿಗಳ ಬಗ್ಗೆ, ಪಾತ್ರೆ ತೊಳೆಯುತ್ತ ಸಿಯೆನಾದ ಚಿಪ್ಪಿನಾಕಾರದ ಚೌಕದ ಬಗ್ಗೆ ಹೇಳುತ್ತಿದ್ದಳು. ಅವಳು ಮುಖ್ಯ ಅಡುಗೆಯವಳಾದ ಮೇಲೆ ಒಂದು ಅಡುಗೆಯೂ ಪಟ್ಟಿಗೆ ಸೇರಿತು: ನೇಪಲ್ಸಿನ ಬಂದರಿನ ಪಕ್ಕದ ಪುಟ್ಟ ಹೋಟೆಲಿನಲ್ಲಿ ಎಲ್ವಿಯೋ ತಿಂದದ್ದೆಂದು ಹೇಳಿದ, ಹೊಗೆ ಹಿಡಿಸಿದ ಚೀಸು ಹಾಕಿದ ಆಲೂಗಡ್ಡೆ ಪಾಸ್ತಾ. ಅವನ ಬಾಯಿಮಾತಿನಿಂದಲೇ ಅವಳು ಅದನ್ನು ಹದಕ್ಕೆ ತಂದಳು. ರೊವೀಗೊದಲ್ಲಿ ಈಗ ಮೂವತ್ತು ದಾಟಿದ ಅನೇಕರಿಗೆ ಶಾಲೆಯ ಗುರುವಾರ ಅಂದರೆ ಆ ಪಾಸ್ತಾ.

ಜಿಲಿಯೋಲಾ 2019ರ ಜೂನ್‌ನಲ್ಲಿ ನಿವೃತ್ತಳಾದಳು. ಎಲ್ವಿಯೋ ನಿವೃತ್ತನಾಗಿ ಮನೆಗೆ ಬಂದು ಆರು ವರ್ಷವಾಗಿತ್ತು. ಬೀಳ್ಕೊಡುಗೆಯ ದಿನ ಅಡುಗೆಮನೆಯವರು ಅವಳಿಗೆ ಚಕ್ರವಿರುವ ಕೆಂಪು ಪೆಟ್ಟಿಗೆಯೊಂದನ್ನು ಕೊಟ್ಟರು. ಕೊಟ್ಟವಳು ರೊಸಾಲ್ಬಾ, ಇಪ್ಪತ್ತು ವರ್ಷ ಜಿಲಿಯೋಲಾಳ ಪಕ್ಕದ ಒಲೆಯಲ್ಲಿ ನಿಂತವಳು, ವಿಧವೆ, ಊರಿಗೇ ಕೇಳುವ ದನಿ. ಇನ್ನು ಗಂಡನನ್ನು ಕರೆದುಕೊಂಡು ಹೊರಡು, ಇಟಲಿಗೆಲ್ಲ ಒಬ್ಬನೇ ಗೈಡು ನಿನ್ನ ಮನೆಯಲ್ಲಿ ಸುಮ್ಮನೆ ಕೂತಿದ್ದಾನೆ ಎಂದಳು. ಜೊತೆಗೆ ತಾನೂ ಬರುತ್ತೇನೆ ಎಂದು ಎಲ್ಲರ ಮುಂದೆ ಘೋಷಿಸಿದಳು.

ಜಿಲಿಯೋಲಾ ಮನೆಗೆ ಬಂದು ಪೆಟ್ಟಿಗೆಯನ್ನು ನಡುಮನೆಯಲ್ಲಿ ನಿಲ್ಲಿಸಿ ಗಂಡನಿಗೆ ಆದೇಶ ಕೊಟ್ಟಳು. ಅಕ್ಟೋಬರಿನಲ್ಲಿ ಹತ್ತು ದಿನ. ಫ್ಲಾರೆನ್ಸ್, ಸಿಯೆನಾ, ರೋಮ್, ನೇಪಲ್ಸ್. ಎಲ್ಲ ರೈಲಿನಲ್ಲೇ. ಯೋಜನೆಯೆಲ್ಲ ಅವನದು. ಒಂದೇ ಷರತ್ತು.

“ಪುಸ್ತಕ ಬೇಡ, ನಕ್ಷೆ ಬೇಡ, ಫೋನಲ್ಲಿ ದಾರಿ ತೋರಿಸೋದೂ ಬೇಡ. ನೀನು ಹೇಳ್ತಿದ್ಯಲ್ಲ, ಹಂಗೇ ತೋರಿಸ್ಬೇಕು ನಂಗೆ. ನಿನ್ನ ಹಿಂದೆ ನಡ್ಕೊಂಡು ಬರ್ತೀನಿ, ಅಷ್ಟೆ.”

ಎಲ್ವಿಯೋ ಆಗಲಿ ಎಂದ. ಬೇರೇನು ಹೇಳಲು ಸಾಧ್ಯವಿತ್ತು?

ಅವನ ಗುಟ್ಟು ಗೊತ್ತಿದ್ದದ್ದು ದಾನಿಲೋ ಒಬ್ಬನಿಗೇ. ದಾನಿಲೋ ಎಂಜಿನ್ ಚಾಲಕನಾಗಿದ್ದವನು; ಇಬ್ಬರೂ ಅದೇ ಕ್ಯಾಂಟೀನುಗಳಲ್ಲಿ ಉಂಡು ಅದೇ ವಸತಿಗಳಲ್ಲಿ ಗೊರಕೆ ಹೊಡೆದವರು. ಚಾಲಕರು ಟಿಕೆಟ್ಟಿಗೆ ತೂತು ಹಾಕುವ ಗಾರ್ಡುಗಳನ್ನು ‘ತೂತು ಹೊಡೆಯೋರು’ ಎನ್ನುತ್ತಾರೆ, ಗಾರ್ಡುಗಳು ಚಾಲಕರನ್ನು ‘ಕಿಟಕಿ ನೋಡೋರು’ ಎನ್ನುತ್ತಾರೆ. ನಿವೃತ್ತಿಯಾದ ಮೇಲೂ ನಿಲ್ದಾಣದ ಎದುರಿನ ಕಾಫಿ ಬಾರಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಇದೇ ಮಾತುಕತೆ. ಎಲ್ವಿಯೋ ವಿಷಯ ಹೇಳಿದಾಗ ದಾನಿಲೋ ಮೊದಲು ಎದೆ ನೋವು ಬರಿಸಿಕೊ ಎಂದ, ಆಮೇಲೆ ಮಂಡಿ ನೋವು ಒಳ್ಳೆಯದು, ಯಾರೂ ಪರೀಕ್ಷೆ ಮಾಡುವುದಿಲ್ಲ ಎಂದ. ಎಲ್ವಿಯೋ ಒಪ್ಪಲಿಲ್ಲ. ಮೊದಲು ತಾಯಿಯ ಆರೈಕೆ, ಆಮೇಲೆ ಶಾಲೆಯ ಕೆಲಸ ಎಂದು ಅವಳು ಇಷ್ಟು ವರ್ಷ ಕಾದಿದ್ದಾಳೆ. ಕರೆದುಕೊಂಡು ಹೋಗಲೇಬೇಕು, ಸಿಕ್ಕಿಬೀಳಲೂಬಾರದು. ಅಂದರೆ ಅಕ್ಟೋಬರಿನೊಳಗೆ ನಾಲ್ಕು ಊರುಗಳನ್ನು ಬಾಯಿಪಾಠ ಮಾಡಬೇಕು.

ಜುಲೈ, ಆಗಸ್ಟ್ ಪೂರ್ತಿ ಅವನು ಇಸ್ಪೀಟು ಆಡಲು ಹೋಗುತ್ತೇನೆಂದು ಹೇಳಿ ಊರಿನ ಗ್ರಂಥಾಲಯಕ್ಕೆ ಹೋದ. ಅಲ್ಲಿ ತಂಪಾಗಿತ್ತು, ಅಷ್ಟು ಸಮಾಧಾನ. ನಕ್ಷೆಗಳನ್ನು ಹರಡಿಕೊಂಡು ಬೀದಿಗಳ ಹೆಸರನ್ನು ನಿಲ್ದಾಣಗಳ ಹೆಸರಿನಂತೆ ಸಾಲಾಗಿ ಕಲಿತ. ನಿಲ್ದಾಣಗಳ ಸಾಲು ಅವನಿಗೆ ಮೊದಲಿನಿಂದಲೂ ಸುಲಭ. ಬೊಲೋನ್ಯಾದಿಂದ ರೋಮಿನವರೆಗೆ ಸಣ್ಣ ನಿಲ್ದಾಣವನ್ನೂ ಬಿಡದೆ ಒಂದೇ ಉಸಿರಿನಲ್ಲಿ ಹೇಳಬಲ್ಲ. ಬೆಳಿಗ್ಗೆ ದಾನಿಲೋ ಪರೀಕ್ಷೆ ಮಾಡುತ್ತಿದ್ದ. ಬಾರಿನ ಮೇಜಿನ ಮೇಲೆ ಸಕ್ಕರೆಯ ಪೊಟ್ಟಣಗಳು ಚರ್ಚುಗಳಾದವು, ಬೋರಲು ಹಾಕಿದ ಕಾಫಿ ಬಟ್ಟಲು ಗುಮ್ಮಟವಾಯಿತು, ಕಡ್ಡಿಗಳ ಸಾಲು ನದಿಯಾಯಿತು. ಬಾರಿನ ಒಡೆಯ ನಾಲ್ಕು ದಿನ ನೋಡಿ, ಐದನೇ ದಿನ ಸಕ್ಕರೆಯ ಡಬ್ಬಿಯನ್ನು ಒಳಗಿಟ್ಟ.

“ಫ್ಲಾರೆನ್ಸ್ ನಿಲ್ದಾಣದಿಂದ ಹೊರಗ್ ಬಂದೆ. ಗುಮ್ಮಟ ಯಾವ ಕಡೆ?” ದಾನಿಲೋ ಕೇಳುತ್ತಿದ್ದ.

“ರೋಮ್ ಕಡೆ.”

“ರೋಮ್ ಕಡೆ ಅಂದ್ರೆ ನಿನ್ ಹೆಂಡ್ತಿಗೆ ಗೊತ್ತಾಗುತ್ತಾ, ತೂತು ಹೊಡೆಯೋನೆ?”

“ಅವ್ಳಿಗಾ? ನಮ್ಮನೇಲಿ ಉಪ್ಪಿನ ಡಬ್ಬಿ ಇರೋದೇ ವೆನಿಸ್ ಕಡೆ.”

ಅದು ನಿಜ. ರೈಲಿನವರು ಎಡ ಬಲ ಎನ್ನುವುದಿಲ್ಲ. ಪ್ರಯಾಣಿಕರು ಯಾವ ಕಡೆಗೂ ಮುಖ ಮಾಡಿ ಕೂತಿರಬಹುದು, ಒಬ್ಬರ ಎಡ ಇನ್ನೊಬ್ಬರ ಬಲ. ಹಾಗಾಗಿ ರೈಲಿನವರಿಗೆ ಎಲ್ಲವೂ ರೋಮ್ ಕಡೆ ಅಥವಾ ವೆನಿಸ್ ಕಡೆ. ಬೋಗಿಯ ಕೆಟ್ಟ ಬಾಗಿಲೂ ಹಾಗೆ, ಪ್ಲಾಟ್‌ಫಾರ್ಮಿನ ನೀರಿನ ನಲ್ಲಿಯೂ ಹಾಗೆ. ಜೆರ್ಬಿನಾತಿ ಮನೆಯಲ್ಲಿ ಅಲಮಾರಿಗಳೂ ಹಾಸಿಗೆಯೂ ಹಾಗೇ. ಜಿಲಿಯೋಲಾ ಮಲಗುವುದು ರೋಮ್ ಕಡೆ.

ಈ ಪದ್ಧತಿ ಫ್ಲಾರೆನ್ಸಿನಲ್ಲಿ ಮಾತ್ರ ಕೈಕೊಡುತ್ತದೆ. ಅಲ್ಲಿನ ದೊಡ್ಡ ನಿಲ್ದಾಣದಲ್ಲಿ ಹಳಿ ಮುಂದೆ ಹೋಗುವುದಿಲ್ಲ, ಗೋಡೆಗೆ ಬಂದು ನಿಲ್ಲುತ್ತದೆ. ವೆನಿಸ್‌ನಿಂದ ಬಂದ ರೈಲು ಬಂದ ದಿಕ್ಕಿಗೇ ಹಿಂದುಮುಂದಾಗಿ ಹೊರಟು ರೋಮಿಗೆ ಹೋಗುತ್ತದೆ. ಬರುವಾಗ ಎಡಕ್ಕಿದ್ದದ್ದು ಹೊರಡುವಾಗ ಬಲಕ್ಕಿರುತ್ತದೆ. ಎಲ್ವಿಯೋನ ಮನಸ್ಸಿನಲ್ಲಿ ಫ್ಲಾರೆನ್ಸ್ ಎಂದರೆ ರೋಮಿಗೆ ಹೊರಟು ನಿಂತ ರೈಲು. ಸೀಟಿ ಊದುವುದು ಆಗಲೇ ತಾನೆ. ಅವನು ಇಡೀ ಊರನ್ನು ಆ ರೈಲಿನ ದಿಕ್ಕಿಗೆ ಮುಖ ಮಾಡಿ, ಅಂದರೆ ಊರಿಗೆ ಬೆನ್ನು ಹಾಕಿ ಕಲಿತ. ದಾನಿಲೋ ಅದನ್ನು ಹಿಡಿಯಬಹುದಿತ್ತು. ಆದರೆ ಅವನೂ ಅದೇ ರೈಲಿನ ಮುಂದಿನ ಕಿಟಕಿಯಿಂದ ಜಗತ್ತನ್ನು ನೋಡಿದವನು. ಇಬ್ಬರೂ ಸೇರಿ ಎರಡು ತಿಂಗಳು ಕನ್ನಡಿಯೊಳಗಿನ ಫ್ಲಾರೆನ್ಸನ್ನು ತಿದ್ದಿ ತೀಡಿದರು.

ಸೆಪ್ಟೆಂಬರಿನ ಮೊದಲ ವಾರದಲ್ಲಿ ಯೋಜನೆ ಸಿದ್ಧವಾಯಿತು. ಎರಡು ಹಾಳೆ, ಅಚ್ಚುಕಟ್ಟಾದ ಕೈಬರಹ. ರೈಲಿನ ಸಂಖ್ಯೆ, ಹೊರಡುವ ಹೊತ್ತು, ಪ್ಲಾಟ್‌ಫಾರ್ಮು, ತಡವಾದರೆ ಹಿಡಿಯಬೇಕಾದ ಇನ್ನೊಂದು ರೈಲು, ಅದೂ ತಡವಾದರೆ ಮೂರನೆಯದು. ಸಿಯೆನಾದ್ದು ಬಿಟ್ಟು ಎಲ್ಲವೂ ಅತಿವೇಗದ ರೈಲುಗಳು. ಹೋಟೆಲುಗಳೆಲ್ಲ ನಿಲ್ದಾಣದಿಂದ ಕಾಣುವಷ್ಟು ಹತ್ತಿರ. ಊರುಗಳಿಗೆ ಕೊಟ್ಟ ಸಮಯ ಮಾತ್ರ ಸ್ವಲ್ಪ ರೈಲ್ವೆಯ ಹಾಗಿತ್ತು: ಗುಮ್ಮಟಕ್ಕೆ ಮೂವತ್ತೈದು ನಿಮಿಷ, ಹಳೆಯ ಸೇತುವೆಗೆ ಹನ್ನೆರಡು, ಸಿಯೆನಾ ಪೂರ್ತಿಗೆ ಎರಡು ಗಂಟೆ ಐದು ನಿಮಿಷ.

ಅದನ್ನು ಓದಿ ಒಪ್ಪಿಸಲು ಒಂದು ಭಾನುವಾರ ಮಧ್ಯಾಹ್ನ ಗೊತ್ತಾಯಿತು. ಊಟವಾಗಿತ್ತು. ಮೇಜಿನ ಮೇಲೆ ಕುಂಬಳಕಾಯಿ ತುಂಬಿದ ಕಡುಬಿನ ಕೊನೆಯ ನಾಲ್ಕು ತುಂಡು, ಬ್ರೆಡ್ಡು, ಅರ್ಧ ಬಾಟಲಿ ವೈನು. ಜಿಲಿಯೋಲಾ ಕನ್ನಡಕ ಹಾಕಿಕೊಂಡು ಹಾಳೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಚೆನ್ನಾಗಿದೆ ಎಂದಳು. ಆಮೇಲೆ ಒಂದು ಬ್ರೆಡ್ಡಿನ ತುಂಡನ್ನು ಮೇಜಿನ ಅಂಚಿಗೆ ಇಟ್ಟು, ಇದು ಫ್ಲಾರೆನ್ಸ್ ನಿಲ್ದಾಣ, ನಾವು ಹೊರಗೆ ಬಂದೆವು, ಮುಂದೆ ಹೇಳು ಎಂದಳು. ಆಟಕ್ಕೆ. ಅವಳ ಮುಖ ಆಗಲೇ ಪ್ರಯಾಣ ಹೊರಟವರ ಮುಖವಾಗಿತ್ತು.

ಎಲ್ವಿಯೋ ಹೇಳತೊಡಗಿದ. ಹೊರಗೆ ಬಂದು ಬಲಕ್ಕೆ ತಿರುಗುತ್ತೇವೆ, ಇಕ್ಕಟ್ಟು ಬೀದಿ, ಹತ್ತು ನಿಮಿಷ ನಡೆದರೆ ಗುಮ್ಮಟ. ಕಡುಬಿನ ತಟ್ಟೆಯನ್ನು ಬಲಕ್ಕೆ ಎಳೆದು ಇಟ್ಟ.

“ಎಡಕ್ಕೆ,” ಅಂದಳು ಜಿಲಿಯೋಲಾ.

“ಬಲಕ್ಕೆ ಕಣೇ.”

“ಎಡಕ್ಕೆ. ನೀನೇ ಹೇಳಿದ್ದು. ಎಂಬತ್ನಾಲ್ಕು, ನವೆಂಬರ್, ಸೂಪು ಕುಡೀತಾ. ಹೊರಗ್ ಬಂದು ಎಡಕ್ಕೆ ತಿರುಗಿದೆ, ಆಕಾಶ ಒಂದು ಪಟ್ಟಿ ಥರ ಇತ್ತು ಅಂದೆ. ಎಂಬತ್ತೊಂಬತ್ತರಲ್ಲೂ ಎಡಕ್ಕೇ ಹೋಗಿದ್ದೆ. ಯಾವತ್ತೂ ಬಲಕ್ಕೆ ಹೋದೋನಲ್ಲ ನೀನು.”

ಎಲ್ವಿಯೋ ದಾರಿ ಅಗೆದು ಬದಲಾಯಿಸಿರಬಹುದು ಎಂದ. ಅದು ಹೇಳುವಾಗಲೇ ಅವನಿಗೆ ಮಾತು ಕೆಟ್ಟದಾಗಿ ಕೇಳಿಸಿತು. ಐನೂರು ವರ್ಷದಿಂದ ಗುಮ್ಮಟ ಒಂದೇ ಕಡೆ ಇದೆ. ಜಿಲಿಯೋಲಾ ನಗುತ್ತ, ನದಿ ಎಲ್ಲಿ ಎಂದು ಕೇಳಿದಳು. ಅವನು ನದಿಯನ್ನೂ ತಪ್ಪು ಕಡೆ ಇಟ್ಟ. ಅವಳು ನಗುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು; ವಯಸ್ಸಾದ ಗಂಡ ಪರಿಚಿತ ದಾರಿ ಮರೆತರೆ ಹೆಂಡತಿ ಹೆದರುವ ರೀತಿಯಲ್ಲಿ. ಡಾಕ್ಟರ ಹತ್ತಿರ ಹೋಗೋಣವೇ ಎಂದು ಮೆಲ್ಲಗೆ ಕೇಳಿದಳು.

ಆ ಮಾತನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಸುಳ್ಳು ಹೇಳಿ ಸಿಕ್ಕಿಬೀಳಲು ಅವನು ಸಿದ್ಧನಾಗಿದ್ದ, ಅವಳನ್ನು ಹೆದರಿಸಲು ಅಲ್ಲ.

“ಮರೆವು ಅಲ್ಲ ಜಿಲಿಯೋಲಾ. ನಾನು ಹೊರಗೇ ಹೋಗಿಲ್ಲ. ಯಾವ ಊರಲ್ಲೂ.”

ಆಮೇಲೆ ಉಳಿದದ್ದನ್ನೆಲ್ಲ ಹೇಳಿದ. ಐವತ್ತು ನಿಮಿಷ, ಕ್ಯಾಂಟೀನು, ಬೂಟು. ಕನ್ನಡಕದ ವ್ಯಾಪಾರಿ. ಗ್ರಂಥಾಲಯ, ಸಕ್ಕರೆಯ ಪೊಟ್ಟಣ. ಕೊನೆಗೆ ಅವಳು ಕೇಳಿದ್ದು ಒಂದೇ ಪ್ರಶ್ನೆ: ಮೊದಲ ವರ್ಷ ಸರಿ, ಎರಡನೇ ವರ್ಷ ಸರಿ, ಮೂವತ್ತೈದು ವರ್ಷದಲ್ಲಿ ಒಂದು ದಿನ ಎದ್ದು ಹೋಗಿ ನೋಡಬೇಕು ಅನ್ನಿಸಲಿಲ್ಲವೇ? ಎರಡು ಮೂರು ಸಲ ಬಾಗಿಲವರೆಗೆ ಹೋಗಿದ್ದೆ ಎಂದ. ಆದರೆ ಅಷ್ಟರಲ್ಲಿ ಅವಳಿಗೆ ಬಹಳ ಹೇಳಿಯಾಗಿತ್ತು. ಹೋಗಿ ನೋಡಿದರೆ ಊರು ಹೇಳಿದ ಹಾಗೆ ಇರದಿದ್ದರೆ? ಮನೆಗೆ ಬಂದು ಮತ್ತೆ ಮೊದಲಿನ ಹಾಗೆ ಹೇಳಲು ಆಗುತ್ತಿರಲಿಲ್ಲ. ಅದಕ್ಕೇ ತಿರುಗಿ ಬಂದೆ ಎಂದ.

ಜಿಲಿಯೋಲಾ ಎದ್ದು ತಟ್ಟೆಗಳನ್ನು ತೆಗೆದಳು. ನಲ್ಲಿ ಬಿಟ್ಟು ತೊಳೆಯತೊಡಗಿದಳು. ಒಂದು ತಟ್ಟೆ, ಎರಡು ತಟ್ಟೆ. ಬೆನ್ನು ತಿರುಗಿಸಿಕೊಂಡೇ ಕೇಳಿದಳು.

“ಆಲೂಗಡ್ಡೆ ಪಾಸ್ತಾ?”

“ಅದು ನಿಜ. ತಿಂದಿದ್ದೀನಿ. ಎಷ್ಟೋ ಸಲ.”

“ಬಂದರಿನ ಪಕ್ಕದ ಹೋಟೆಲಲ್ಲಿ.”

“ರೈಲ್ವೆ ಕ್ಯಾಂಟೀನಲ್ಲಿ. ನುನ್ಸಿಯಾತಾ ಅಂತ ಒಬ್ಳು ಮಾಡ್ತಿದ್ಲು. ಮೀಸೆ ಇತ್ತು ಅವ್ಳಿಗೆ.”

ನಲ್ಲಿಯ ನೀರು ಹರಿಯುತ್ತಲೇ ಇತ್ತು. ಜಿಲಿಯೋಲಾಳ ಭುಜ ಅಲ್ಲಾಡುವುದನ್ನು ಕಂಡು ಎಲ್ವಿಯೋ ಅಳುತ್ತಿದ್ದಾಳೆಂದು ತಿಳಿದು ಎದ್ದುನಿಂತ. ಅವಳು ತಿರುಗಿದಾಗ ಕಣ್ಣಲ್ಲಿ ನೀರಿತ್ತು ನಿಜ, ಆದರೆ ಉಸಿರು ಹಿಡಿಯಲಾಗದಷ್ಟು ನಗುತ್ತಿದ್ದಳು. ಇಪ್ಪತ್ತೈದು ವರ್ಷ ತಾನು ಕ್ಯಾಂಟೀನಿನ ಅಡುಗೆಯನ್ನೇ ಕ್ಯಾಂಟೀನಿನಲ್ಲಿ ಮಾಡಿ ಹಾಕಿ, ಬಂದರಿನ ಹೋಟೆಲಿನದು ಎಂದು ಮಕ್ಕಳ ತಂದೆತಾಯಿಗಳ ಮುಂದೆ ಮೆರೆದೆನಲ್ಲ ಎಂದಳು. ಶಾಲೆಯ ಇನ್‌ಸ್ಪೆಕ್ಟರೊಬ್ಬ ಅದರ ಬಗ್ಗೆ ವರದಿಯಲ್ಲೂ ಬರೆದಿದ್ದ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಮರುದಿನ ಅವಳು ಮಾತು ಬಿಟ್ಟಳು. ಅವಳನ್ನು ಬಲ್ಲವರಿಗೆ ಅದು ಸಣ್ಣ ಶಿಕ್ಷೆಯಲ್ಲ ಎಂದು ಗೊತ್ತು. ಎರಡನೇ ದಿನ ಕೆಂಪು ಪೆಟ್ಟಿಗೆಯನ್ನು ನಡುಮನೆಯಿಂದ ತೆಗೆದು ಅಟ್ಟಕ್ಕೆ ಹಾಕಿದಳು. ಎಲ್ವಿಯೋ ಹಾಳೆಗಳನ್ನು ಮಡಿಸಿ ಜೇಬಿಗಿಟ್ಟುಕೊಂಡು ಬಾರಿಗೆ ಹೋಗಿ, ಪ್ರವಾಸ ಮುಗಿಯಿತು ಎಂದು ದಾನಿಲೋಗೆ ಹೇಳಿದ. ದಾನಿಲೋ ಮಂಡಿ ನೋವೇ ಒಳ್ಳೆಯದಿತ್ತು ಎಂದ.

ಮೂರನೇ ದಿನ ಊಟದ ಹೊತ್ತಿಗೆ ಜಿಲಿಯೋಲಾ ಸೂಪಿನ ಬಟ್ಟಲು ತಂದಿಟ್ಟು ಎದುರಿಗೆ ಕೂತಳು.

“ಸಿಯೆನಾದ್ದು ಯಾರು ಹೇಳಿದ್ದು?” ಎಂದಳು.

ಎಲ್ವಿಯೋಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಸಿಯೆನಾ ಹೇಳಿದ್ದು ಕಿಯೂಸಿಯಲ್ಲಿ ಹತ್ತಿದ ಒಬ್ಬ ಹೆಂಗಸು. ಸೆಲ್ಲೋ ಎಂಬ ದೊಡ್ಡ ಪಿಟೀಲಿಗೆ ಬೇರೆ ಟಿಕೆಟ್ ಕೊಂಡು ಪಕ್ಕದ ಸೀಟಿನಲ್ಲಿ ಕೂರಿಸಿದ್ದಳು, ಕಿಟಕಿಯ ಪಕ್ಕ ಅದಕ್ಕೇ ಕೊಟ್ಟಿದ್ದಳು. ರೋಮಿನ ಕಾರಂಜಿಗಳು? ಫೊಲಿನ್ಯೋದ ಒಬ್ಬ ಸನ್ಯಾಸಿನಿ; ಪ್ರತಿ ಕಾರಂಜಿಯ ನೀರನ್ನೂ ಕುಡಿದು ನೋಡಿ ಅಂಕ ಕೊಟ್ಟಿದ್ದಳು. ಜಿಲಿಯೋಲಾ ಸೂಪು ಕುಡಿಯುವುದನ್ನು ಬಿಟ್ಟು ಕೇಳಿದಳು. ಇಷ್ಟು ವರ್ಷ ಅವಳಿಗೆ ಊರುಗಳ ಕತೆ ಸಿಕ್ಕಿತ್ತು, ಹೇಳಿದವರ ಕತೆ ಸಿಕ್ಕಿರಲಿಲ್ಲ. ಅವು ಇನ್ನೂ ಅವನ ಹತ್ತಿರ ಹಾಗೇ ಇದ್ದವು. ಆ ವಾರ ಪ್ರತಿ ಊಟಕ್ಕೂ ಒಬ್ಬೊಬ್ಬರು ಬಂದರು.

ಭಾನುವಾರ ಅವಳು ಅವನ ಹಾಳೆಗಳನ್ನು ಕೇಳಿ ತೆಗೆದುಕೊಂಡು, ಕೆಂಪು ಪೆನ್ಸಿಲಿನಿಂದ ಅತಿವೇಗದ ರೈಲುಗಳನ್ನೆಲ್ಲ ಹೊಡೆದುಹಾಕಿದಳು. ಆ ರೈಲುಗಳಲ್ಲಿ ಜನ ಕಿವಿಗೆ ಏನೋ ಸಿಕ್ಕಿಸಿಕೊಂಡು ಕೂತಿರುತ್ತಾರೆ, ಯಾರೂ ಯಾರಿಗೂ ಏನೂ ಹೇಳುವುದಿಲ್ಲ ಎಂಬುದು ಅವಳ ವಾದ. ನಿಧಾನದ ರೈಲು ಬೇಕು, ಎಲ್ಲ ಕಡೆ ನಿಲ್ಲುವಂಥದ್ದು, ಆಯಾ ಊರಿನವರು ಹತ್ತಿ ಇಳಿಯುವಂಥದ್ದು. ಅವನು ಅವರನ್ನು ಮೊದಲಿನ ಹಾಗೇ ಕೇಳಬೇಕು. ಈ ಸಲ ಅವಳ ಎದುರಿಗೇ ಕೇಳಬೇಕು. ಅವರು ಹೇಳಿದ್ದನ್ನು ಇಬ್ಬರೂ ಇಳಿದು ಹೋಗಿ ನೋಡುವುದು. ನಿಮಿಷಗಳ ಕಾಲಮ್ಮನ್ನು ಅವಳು ಉದ್ದಕ್ಕೂ ಒಂದೇ ಗೆರೆಯಲ್ಲಿ ಅಳಿಸಿದಳು.

ಎಲ್ವಿಯೋ ಹೊಸ ಹಾಳೆ ತೆಗೆದುಕೊಂಡ. ಇದು ಅವನಿಗೆ ನಿಜವಾಗಿಯೂ ಬರುವ ಕೆಲಸ. ಬೊಲೋನ್ಯಾದಿಂದ ಫ್ಲಾರೆನ್ಸಿಗೆ ದೊಡ್ಡ ಸುರಂಗದ ದಾರಿ ಬಿಟ್ಟು, ಬೆಟ್ಟ ಹತ್ತಿ ಪೊರೆತ್ತಾದ ಮೇಲೆ ಪಿಸ್ತೋಯಾಕ್ಕೆ ಇಳಿಯುವ ಹಳೆಯ ಒಂಟಿ ಹಳಿಯ ದಾರಿ ಹಿಡಿದ. ಎಲ್ಲಿ ಬಿಸಿನೀರಿನ ಸ್ನಾನಕ್ಕೆ ಬಂದ ಮುದುಕಿಯರು ಹತ್ತುತ್ತಾರೆ, ಯಾವ ಬೋಗಿಯಲ್ಲಿ ಎದುರುಬದುರು ಸೀಟುಗಳಿವೆ, ಯಾವ ಹೊತ್ತಿನಲ್ಲಿ ಶಾಲೆಯ ಗದ್ದಲವಿರುವುದಿಲ್ಲ, ಎಲ್ಲ ಅವನ ಬೆರಳ ತುದಿಯಲ್ಲಿತ್ತು. ಹಿಂದಿನ ಎರಡು ಹಾಳೆ ಎರಡು ತಿಂಗಳು ತೆಗೆದುಕೊಂಡಿತ್ತು. ಇದು ಒಂದು ಸಂಜೆಯಲ್ಲಿ ಮುಗಿಯಿತು. ಬರೆಯುತ್ತ ಅವನು ಸೀಟಿ ಹಾಕುತ್ತಿದ್ದ ಎಂದು ಜಿಲಿಯೋಲಾ ಈಗಲೂ ಹೇಳುತ್ತಾಳೆ.

ರೊಸಾಲ್ಬಾಗೆ ಹೇಳುವ ಕೆಲಸವನ್ನು ಜಿಲಿಯೋಲಾ ತಾನೇ ವಹಿಸಿಕೊಂಡಳು. ಅಡುಗೆಮನೆಯವರೆಲ್ಲರ ಮುಂದೆ ಇಷ್ಟು ವರ್ಷ ಗಂಡನನ್ನು ಹೊಗಳಿದವಳು ಅವಳೇ, ಅದನ್ನು ವಾಪಸು ತೆಗೆದುಕೊಳ್ಳಬೇಕಾದವಳೂ ಅವಳೇ. ಮಾರುಕಟ್ಟೆಯಲ್ಲಿ ಹೂಕೋಸಿನ ರಾಶಿಯ ಮುಂದೆ ನಿಂತು, ನಮ್ಮವನು ಯಾವ ಊರನ್ನೂ ನೋಡಿಲ್ಲ, ನಮ್ಮಷ್ಟೇ ಹೊಸಬ, ಬರುವುದಾದರೆ ಬಾ ಎಂದು ಸೀದಾ ಹೇಳಿದಳು. ರೊಸಾಲ್ಬಾ ಕೈಯಲ್ಲಿದ್ದ ಹೂಕೋಸನ್ನು ಕೆಳಗಿಟ್ಟಳು.

“ಅಯ್ಯೋ ಪುಣ್ಯವೇ,” ಅಂದಳು. “ಅವ್ನು ಎಲ್ಲಾ ಬಲ್ಲೋನು ಅಂತ ನಂಗೆ ಒಳಗೊಳಗೇ ಭಯ ಆಗಿತ್ತು ಕಣೇ. ಹತ್ತು ದಿನ ಹೌದು ಹೌದು ಅಂತ ತಲೆ ಆಡಿಸ್ಬೇಕಲ್ಲ.”

ದಾನಿಲೋನನ್ನು ಯಾರೂ ಕರೆದಿರಲಿಲ್ಲ. ಹೊರಡುವ ದಿನ, ಅಕ್ಟೋಬರಿನ ಎರಡನೇ ಬುಧವಾರ, ಬೆಳಗಿನ ಮಂಜಿನಲ್ಲಿ ಅವನು ಸಣ್ಣ ಚೀಲ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ. ಕಳಿಸಲು ಬಂದೆಯಾ ಎಂದು ಎಲ್ವಿಯೋ ಕೇಳಿದ್ದಕ್ಕೆ, ಟಿಕೆಟ್ ತೋರಿಸಲೇ ತೂತು ಹೊಡೆಯೋನೆ ಎಂದ. ಒಳಗೆ ಹೋಗಿ ಎಂಜಿನ್ನಿಗೆ ಬೆನ್ನು ಮಾಡಿ ಕೂತ. ರೊಸಾಲ್ಬಾ ಹೀಗೆ ಕೂತರೆ ತಲೆ ಸುತ್ತುವುದಿಲ್ಲವೇ ಎಂದಳು. ಮುಂದಿನದನ್ನು ಮೂವತ್ತು ವರ್ಷ ನೋಡಿಯಾಗಿದೆ, ಹಿಂದೆ ಏನಾಗುತ್ತದೆ ಎಂದು ಈಗಾದರೂ ನೋಡುತ್ತೇನೆ ಎಂದ.

ಬೊಲೋನ್ಯಾದಲ್ಲಿ ಒಂದು ರೈಲು ಬದಲಾವಣೆ, ಪೊರೆತ್ತಾದಲ್ಲಿ ಇನ್ನೊಂದು. ಬೆಟ್ಟದ ರೈಲಿಗೆ ಎರಡೇ ಬೋಗಿ. ಮಂಜು ಕೆಳಗೇ ಉಳಿದಿತ್ತು. ಚೆಸ್ಟ್‌ನಟ್ ಮರಗಳು ಬಿಸಿಲಿನಲ್ಲಿ ಹಳದಿಯಾಗಿದ್ದವು. ಎದುರಿನ ಸೀಟಿಗೆ ಒಬ್ಬ ಹೆಂಗಸು ಬಂದಳು, ಅರವತ್ತರ ಆಸುಪಾಸು, ತೊಡೆಯ ಮೇಲೆ ಚೆಸ್ಟ್‌ನಟ್ ಹಿಟ್ಟಿನ ಚೀಲ, ಕಾಲ ಬಳಿ ಇನ್ನೆರಡು. ಜಿಲಿಯೋಲಾ ಗಂಡನ ಮೊಣಕೈಗೆ ತಿವಿದಳು. ಎಲ್ವಿಯೋ ಗಂಟಲು ಸರಿಮಾಡಿಕೊಂಡ. ಸಮವಸ್ತ್ರವಿಲ್ಲದೆ ಹೇಗೆ ಶುರುಮಾಡುವುದೆಂದು ಅವನಿಗೆ ಒಂದು ಕ್ಷಣ ತೋಚಲಿಲ್ಲ. ಆಮೇಲೆ ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಕೇಳಿದ.

ಅಷ್ಟು ಸಾಕಾಗಿತ್ತು. ಹೆಂಗಸು ಪಿಸ್ತೋಯಾಕ್ಕೆ ಹೋಗುತ್ತಿದ್ದಳು. ಬುಧವಾರ ಅಲ್ಲಿ ದೊಡ್ಡ ಚರ್ಚಿನ ಚೌಕದಲ್ಲೇ ಸಂತೆ, ಅಮೃತಶಿಲೆಯ ಗೋಡೆಗೆ ಒರಗಿಸಿ ಒಳಚಡ್ಡಿ ಮಾರುತ್ತಾರೆ. ಪಕ್ಕದಲ್ಲೇ ಹಳೆಯ ಆಸ್ಪತ್ರೆ; ಅದರ ಹಣೆಯ ಉದ್ದಕ್ಕೂ ಬಣ್ಣದ ಮಣ್ಣಿನ ಗೊಂಬೆಗಳು, ಒಬ್ಬ ಹಸಿದವರಿಗೆ ಉಣ್ಣಿಸುತ್ತಾನೆ, ಒಬ್ಬ ದಾರಿಹೋಕರ ಕಾಲು ತೊಳೆಯುತ್ತಾನೆ. ಕಾಲು ತೊಳೆಸಿಕೊಳ್ಳುವವನ ಮುಖ ನನ್ನ ಗಂಡನ ಹಾಗೇ ಇದೆ, ಅದಕ್ಕೇ ಪ್ರತಿ ಸಲ ನೋಡಿ ಬರುತ್ತೇನೆ ಎಂದಳು. ಗಂಡ ತೀರಿಕೊಂಡರೇ ಎಂದು ರೊಸಾಲ್ಬಾ ಮರುಕದಿಂದ ಕೇಳಿದಳು. ಇಲ್ಲ, ಮನೆಯಲ್ಲಿದ್ದಾನೆ, ಆದರೆ ಅಲ್ಲಿ ಸ್ವಲ್ಪ ಸುಮ್ಮನಿರುತ್ತಾನೆ ಎಂದಳು ಹೆಂಗಸು.

ಪಿಸ್ತೋಯಾ ಯೋಜನೆಯಲ್ಲಿ ಇರಲಿಲ್ಲ. ಅಲ್ಲಿ ಫ್ಲಾರೆನ್ಸಿನ ರೈಲಿಗೆ ಬದಲಾಯಿಸುವುದಕ್ಕೆ ಹನ್ನೊಂದು ನಿಮಿಷ ಇತ್ತು, ಅಷ್ಟೆ. ರೈಲು ಇಳಿಜಾರಿನಲ್ಲಿ ಸುತ್ತಿ ಸುತ್ತಿ ಬಯಲಿಗೆ ಬರುತ್ತಿದ್ದ ಹಾಗೆ ಜಿಲಿಯೋಲಾ ಗಂಡನ ಕಡೆ ನೋಡಿದಳು. ಎಲ್ವಿಯೋ ಗಡಿಯಾರ ನೋಡಿದ. ಹಾಳೆ ನೋಡಿದ. ಆಮೇಲೆ ಎದ್ದು ಹಿಟ್ಟಿನ ಚೀಲಗಳಲ್ಲಿ ಎರಡನ್ನು ಎತ್ತಿಕೊಂಡು, ಇಳಿಯೋಣ ಎಂದ.

ಪ್ಲಾಟ್‌ಫಾರ್ಮಿನಲ್ಲಿ ಫ್ಲಾರೆನ್ಸಿನ ರೈಲು ಬಾಗಿಲು ತೆರೆದು ನಿಂತಿತ್ತು. ಅವರು ಅದರ ಪಕ್ಕದಲ್ಲೇ ನಡೆದುಹೋದರು. ರೊಸಾಲ್ಬಾಳ ಪೆಟ್ಟಿಗೆಯ ಚಕ್ರ ಎಲ್ಲೋ ಸಿಕ್ಕಿಕೊಂಡಿತು, ದಾನಿಲೋ ಅದನ್ನು ಬಯ್ಯುತ್ತ ಬಿಡಿಸಿದ, ಹಿಟ್ಟಿನ ಹೆಂಗಸು ಬೇಗ ಬನ್ನಿ, ಒಂದು ಗಂಟೆಗೆ ಎಲ್ಲ ಕಟ್ಟಿಕೊಂಡು ಹೋಗುತ್ತಾರೆ ಎಂದು ಅವಸರ ಮಾಡಿದಳು. ಈ ಗಡಿಬಿಡಿಯಲ್ಲಿ ಎಲ್ವಿಯೋ ಯಾವಾಗ ಬೀದಿಗೆ ಬಂದ ಎಂಬುದನ್ನು ಯಾರೂ ಗಮನಿಸಲಿಲ್ಲ. ಅವನಿಗೂ ನೆನಪಿಲ್ಲ.

ಚೌಕದ ಹತ್ತಿರ ಹೆಂಗಸು ತನ್ನ ಗಿರಾಕಿಯ ಅಂಗಡಿಯೊಳಗೆ ಹೋದಳು. ಆಸ್ಪತ್ರೆಯ ದಾರಿಯನ್ನು ಎಲ್ವಿಯೋ ಮೊದಲು ಒಬ್ಬ ಮೀನು ಮಾರುವವನನ್ನು ಕೇಳಿದ, ಆಮೇಲೆ ನಾಯಿ ಹಿಡಿದು ಹೊರಟ ಒಬ್ಬ ಮುದುಕನನ್ನು, ಆಮೇಲೆ ಒಬ್ಬ ಪಾದ್ರಿಯನ್ನು. ಬೇರೆ ಬೇರೆ ಉತ್ತರ ಬಂದವು. ಅವನು ತನ್ನ ಜೊತೆಯವರು ಮೂವರೂ ಕಾಯುತ್ತಿದ್ದ ಕಡೆಗೆ ವಾಪಸು ಬಂದ, ಹೊಟ್ಟೆ ತುಂಬ ಉಂಡವನ ಮುಖದಲ್ಲಿ.

“ಯಾವ ಕಡೆ?” ಜಿಲಿಯೋಲಾ ಕೇಳಿದಳು.

“ಗೊತ್ತಿಲ್ಲ,” ಅಂದ ಎಲ್ವಿಯೋ. “ಮೀನಿನವನು ಹೇಳಿದ ದಾರೀಲಿ ಹೋದ್ರೆ ಮಧ್ಯದಲ್ಲಿ ಒಳ್ಳೆ ಬಾರ್ ಇದೆಯಂತೆ.”

ಜಿಲಿಯೋಲಾ ಅವನ ತೋಳು ಹಿಡಿದುಕೊಂಡಳು. ಮೀನಿನವನ ದಾರಿಯಲ್ಲೇ ಹೋದರು.